ಮಿಲಿಮೀಟರ್‌ಗಳನ್ನು ಜೋಡಿಸುವ ಕೆಲಸ: ಮ್ಯಾಕ್ರೋ ಫೋಟೋದಲ್ಲಿ ಫೋಕಸ್ ಸ್ಟ್ಯಾಕಿಂಗ್

ನೊಣದ ಮುಖವನ್ನು ಎದುರಿನಿಂದ, ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್‌ನಲ್ಲಿ ತೆಗೆಯಲು ಹೋದರೆ ಪೇಚಿಗೆ ಸಿಕ್ಕಿಕೊಳ್ಳುತ್ತೇವೆ. ಮೀಸೆಗೆ ಫೋಕಸ್ ಮಾಡಿದರೆ ಕಣ್ಣು ಮಸುಕು. ಕಣ್ಣಿಗೆ ಮಾಡಿದರೆ ಮೀಸೆ ಮಸುಕು. ಕಣ್ಣಿನಲ್ಲೇ ಮುಂದಿನ ಉಬ್ಬು ಸ್ಪಷ್ಟವಾಗಿದ್ದರೆ ಅಂಚಿನ ಆರು ಮೂಲೆಯ ಪುಟ್ಟ ಪುಟ್ಟ ಕಣ್ಣುಗಳು ಕರಗಿ ಹೋಗಿರುತ್ತವೆ. ಇಷ್ಟಕ್ಕೂ ಆ ತಲೆಯ ಆಳ 3 ಮಿಲಿಮೀಟರ್ ಇದ್ದರೆ ಹೆಚ್ಚು. ಅಷ್ಟನ್ನೂ ಒಂದು ಫೋಟೋದಲ್ಲಿ ಹಿಡಿಯಲು ಆಗುವುದಿಲ್ಲ ಅಂದರೆ ನಂಬುವುದು ಕಷ್ಟ, ಅಲ್ವಾ? ಎಷ್ಟು ಒಳ್ಳೆಯ ಲೆನ್ಸ್ ತಂದರೂ ಈ ಪೇಚು ತಪ್ಪುವುದಿಲ್ಲ. ಬೆಳಕಿನ ಲೆಕ್ಕವೇ ಹಾಗಿದೆ.

ಇದಕ್ಕಿರುವ ಉಪಾಯ ಫೋಕಸ್ ಸ್ಟ್ಯಾಕಿಂಗ್. ಒಂದೇ ವಸ್ತುವಿನ ಹಲವು ಫೋಟೋ ತೆಗೆಯಬೇಕು. ಒಂದೊಂದರಲ್ಲೂ ಫೋಕಸ್ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಯಬೇಕು. ಆಮೇಲೆ ಎಲ್ಲಾ ಫೋಟೋಗಳಿಂದ ಸ್ಪಷ್ಟವಾಗಿರುವ ಭಾಗಗಳನ್ನು ಮಾತ್ರ ಆಯ್ದು ಕಂಪ್ಯೂಟರ್ ಒಂದು ಫೋಟೋ ಕಟ್ಟಿಕೊಡುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡುವಾಗ ಒಂದು ವಿಷಯ ಸದಾ ತಲೆಯಲ್ಲಿರಬೇಕು: ಇಲ್ಲಿ ನಾವು ಸಮಯ ಕೊಟ್ಟು ಆಳವನ್ನು ಕೊಳ್ಳುತ್ತಿದ್ದೇವೆ. ಒಂದು ಕ್ಲಿಕ್‌ನಲ್ಲಿ ಸಿಗದ್ದು ಇಪ್ಪತ್ತು ಕ್ಲಿಕ್‌ನಲ್ಲಿ ಸಿಗುತ್ತದೆ. ಆ ಇಪ್ಪತ್ತು ಕ್ಲಿಕ್ ಮುಗಿಯುವುದರೊಳಗೆ ಗಾಳಿ ಬೀಸಬಹುದು, ಹುಳ ಕಾಲಾಡಿಸಬಹುದು, ಬೆಳಕು ಬದಲಾಗಬಹುದು, ಟ್ರೈಪಾಡ್ ಅಲುಗಬಹುದು. ಸ್ಟ್ಯಾಕಿಂಗ್‌ನಲ್ಲಿ ಹೇಳಿಕೊಡುವ ಹೆಚ್ಚಿನ ನಿಯಮಗಳು ಹುಟ್ಟಿರುವುದು ಇದರಿಂದಲೇ.

ಆಳ ಯಾಕಿಷ್ಟು ಕಡಿಮೆ?

ಲೆನ್ಸ್ ನಿಜವಾಗಿ ಫೋಕಸ್ ಮಾಡುವುದು ಒಂದು ಹಾಳೆಯಷ್ಟು ತೆಳುವಾದ ಸಮತಲಕ್ಕೆ ಮಾತ್ರ. ಅದರ ಹಿಂದೆ ಮುಂದೆ ಇರುವುದೆಲ್ಲ ಅಷ್ಟಷ್ಟೇ ಮಸುಕಾಗುತ್ತಾ ಹೋಗುತ್ತದೆ. ಆ ಮಸುಕು ನಮ್ಮ ಕಣ್ಣಿಗೆ ಗೊತ್ತಾಗದಷ್ಟು ಸಣ್ಣದಾಗಿರುವ ಜಾಗಕ್ಕೆ ಡೆಪ್ತ್ ಆಫ್ ಫೀಲ್ಡ್ ಎನ್ನುತ್ತೇವೆ. ದೂರದ ಬೆಟ್ಟದ ಫೋಟೋದಲ್ಲಿ ಈ ಜಾಗ ಕಿಲೋಮೀಟರ್‌ಗಟ್ಟಲೆ ಇರುತ್ತದೆ. ವಸ್ತುವಿಗೆ ಹತ್ತಿರ ಹೋದಂತೆ ಅದು ಭಯಂಕರವಾಗಿ ಕುಗ್ಗುತ್ತದೆ.

ಎಷ್ಟು ಕುಗ್ಗುತ್ತದೆ ಅನ್ನುವುದಕ್ಕೆ ಒಂದು ಸರಳ ಸೂತ್ರ ಇದೆ. ಅಪರ್ಚರ್ ಸಂಖ್ಯೆ (ಅಪರ್ಚರ್ ಅಂದರೆ ಲೆನ್ಸ್ ಒಳಗೆ ಬೆಳಕು ಹಾದುಬರುವ ರಂಧ್ರ; ಎಫ್/8ರಂಥ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು), ಒಪ್ಪಬಹುದಾದ ಮಸುಕಿನ ಗಾತ್ರ, ಇವೆರಡನ್ನೂ ಗುಣಿಸಿ ಎರಡರಷ್ಟು ಮಾಡಿ. ಅದನ್ನು ವರ್ಧನೆಗೆ ಒಂದು ಕೂಡಿಸಿ ಬಂದದ್ದರಿಂದ ಗುಣಿಸಿ, ವರ್ಧನೆಯ ವರ್ಗದಿಂದ ಭಾಗಿಸಿ. ವರ್ಧನೆ ಅಂದರೆ ವಸ್ತುವಿಗೆ ಹೋಲಿಸಿದರೆ ಸೆನ್ಸರ್ ಮೇಲೆ ಬೀಳುವ ಬಿಂಬ ಎಷ್ಟು ದೊಡ್ಡದು ಅನ್ನುವುದು. 1:1 ಅಂದರೆ 5 ಮಿ.ಮೀ. ಹುಳ ಸೆನ್ಸರ್ ಮೇಲೂ 5 ಮಿ.ಮೀ. ಉದ್ದವೇ. ಫುಲ್ ಫ್ರೇಮ್ (ಸೆನ್ಸರ್ ಗಾತ್ರ 36×24 ಮಿ.ಮೀ.) ಕ್ಯಾಮೆರಾಗೆ ಒಪ್ಪಬಹುದಾದ ಮಸುಕು 0.03 ಮಿ.ಮೀ. ಎಂದು ಇಟ್ಟುಕೊಳ್ಳುವುದು ರೂಢಿ.

ಈಗ ಲೆಕ್ಕ ಹಾಕಿ. 1:1ರಲ್ಲಿ ಎಫ್/8 ಇಟ್ಟರೆ ಸಿಗುವ ಆಳ ಸುಮಾರು 1 ಮಿ.ಮೀ. ಅದೇ ಎಫ್/8ರಲ್ಲಿ 2:1ಕ್ಕೆ ಹೋದರೆ 0.36 ಮಿ.ಮೀ. 5:1ಕ್ಕೆ ಹೋಗಿ ಎಫ್/2.8 ಇಟ್ಟರೆ 0.04 ಮಿ.ಮೀ., ಅಂದರೆ ಬಹುತೇಕ ಎಲ್ಲರ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಇದೂ ಧಾರಾಳದ ಲೆಕ್ಕವೇ. 0.03 ಅನ್ನುವುದು ಸಾಧಾರಣ ಗಾತ್ರದ ಪ್ರಿಂಟ್ ನೋಡುವವರಿಗಾಗಿ ಇಟ್ಟ ಸಂಖ್ಯೆ. ಇವತ್ತು ನಾವು ಪರದೆಯ ಮೇಲೆ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತೇವೆ. ಹಾಗೆ ನೋಡುವ ಕಣ್ಣಿಗೆ ನಿಜಕ್ಕೂ ಸ್ಪಷ್ಟ ಅನ್ನಿಸುವುದು ಇದರ ಅರ್ಧದಷ್ಟು ಆಳ ಮಾತ್ರ.

ಸೂತ್ರದಲ್ಲಿ ಇನ್ನೊಂದು ವಿಷಯ ಗಮನಿಸಿ. ಅದರಲ್ಲಿ ಲೆನ್ಸ್‌ನ ಫೋಕಲ್ ಲೆಂತ್ ಎಲ್ಲೂ ಬರುವುದಿಲ್ಲ. 60 ಮಿ.ಮೀ. ಮ್ಯಾಕ್ರೋ ಆಗಲಿ 180 ಮಿ.ಮೀ. ಆಗಲಿ, ವರ್ಧನೆ ಮತ್ತು ಅಪರ್ಚರ್ ಒಂದೇ ಆಗಿದ್ದರೆ ಆಳವೂ ಹೆಚ್ಚುಕಮ್ಮಿ ಒಂದೇ. ಗಿಡ್ಡ ಲೆನ್ಸ್ ಹಾಕಿದರೆ ಆಳ ಜಾಸ್ತಿ ಸಿಗುತ್ತದೆ ಅಂತ ಸುಮ್ನೆ ಲೆನ್ಸ್ ಬದಲಿಸುವುದರಿಂದ ಪ್ರಯೋಜನವಿಲ್ಲ.

ಅಪರ್ಚರ್ ಇನ್ನೂ ಚಿಕ್ಕದು ಮಾಡಿದರೆ ಸಾಲದೇ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಎಫ್/22ಕ್ಕೋ ಎಫ್/32ಕ್ಕೋ ಇಳಿಸಿಬಿಟ್ಟರೆ ಆಳ ತಾನಾಗಿ ಹೆಚ್ಚುತ್ತದಲ್ಲ? ಹೆಚ್ಚುತ್ತದೆ, ನಿಜ. ಆದರೆ ಫೋಟೋ ಪೂರ್ತಿ ಮೆತ್ತಗಾಗುತ್ತದೆ.

ಕಾರಣ ಡಿಫ್ರಾಕ್ಷನ್. ಬೆಳಕು ಸಣ್ಣ ರಂಧ್ರದ ಮೂಲಕ ಹಾದಾಗ ಹರಡಿಕೊಳ್ಳುತ್ತದೆ. ಚುಕ್ಕೆಯಾಗಿ ಬೀಳಬೇಕಾದದ್ದು ಪುಟ್ಟ ತಟ್ಟೆಯಾಗಿ ಬೀಳುತ್ತದೆ. ರಂಧ್ರ ಚಿಕ್ಕದಾದಷ್ಟೂ ಈ ತಟ್ಟೆ ದೊಡ್ಡದು. ಮ್ಯಾಕ್ರೋದಲ್ಲಿ ಇದು ಇನ್ನಷ್ಟು ಕೆಡುತ್ತದೆ. ಯಾಕೆಂದರೆ ಹತ್ತಿರ ಹೋದಂತೆ ಲೆನ್ಸ್‌ನ ಅಪರ್ಚರ್ ಕ್ಯಾಮೆರಾ ತೋರಿಸುವುದಕ್ಕಿಂತ ಚಿಕ್ಕದರಂತೆ ವರ್ತಿಸುತ್ತದೆ. ವರ್ಧನೆಗೆ ಒಂದು ಕೂಡಿಸಿ ಅಪರ್ಚರ್ ಸಂಖ್ಯೆಯಿಂದ ಗುಣಿಸಿದರೆ ಅದರ ನಿಜವಾದ ಬೆಲೆ ಸರಿಸುಮಾರಾಗಿ ಸಿಗುತ್ತದೆ. 1:1ರಲ್ಲಿ ನೀವು ಎಫ್/16 ಇಟ್ಟಿದ್ದರೆ ಅದು ವಾಸ್ತವದಲ್ಲಿ ಎಫ್/32. ನಿಕಾನ್ ಕ್ಯಾಮೆರಾಗಳಲ್ಲಿ ಅದೇ ಕಂಪನಿಯ ಮ್ಯಾಕ್ರೋ ಲೆನ್ಸ್ ಹಾಕಿ ವಸ್ತುವಿನ ಹತ್ತಿರ ಹೋದರೆ ಎಫ್ ಸಂಖ್ಯೆ ತಾನಾಗಿ ಏರುವುದನ್ನು ನೋಡಿರಬಹುದು. ಅದು ಕೆಟ್ಟಿದೆ ಅಂತಲ್ಲ, ಇದೇ ಲೆಕ್ಕವನ್ನು ತೋರಿಸುತ್ತಿದೆ. ಕ್ಯಾನನ್ ಲೆನ್ಸ್‌ಗಳಲ್ಲಿ ಸಂಖ್ಯೆ ಬದಲಾಗದೆ ಇರುತ್ತದೆ, ಪರಿಣಾಮ ಮಾತ್ರ ಅಲ್ಲೂ ಅದೇ.

ಎಫ್/32ರಲ್ಲಿ ಹಸಿರು ಬೆಳಕಿನ ಒಂದು ಚುಕ್ಕೆ ಸೆನ್ಸರ್ ಮೇಲೆ ಸುಮಾರು 43 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಗಲದ ತಟ್ಟೆಯಾಗುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಅಂದರೆ ಒಂದು ಚುಕ್ಕೆ ಏಳು ಪಿಕ್ಸೆಲ್ ಅಗಲಕ್ಕೆ ಹರಡಿತು. ಒಪ್ಪಬಹುದಾದ ಮಸುಕು 30 ಮೈಕ್ರಾನ್ ಎಂದು ನಾವೇ ಇಟ್ಟುಕೊಂಡಿದ್ದೆವಲ್ಲ, ಅದನ್ನೂ ದಾಟಿ ಹೋಯಿತು. ಆಳಕ್ಕಾಗಿ ಅಪರ್ಚರ್ ಇಳಿಸಿದರೆ ಎಲ್ಲಾ ಕಡೆ ಸಮನಾಗಿ ಮಂಕಾದ ಫೋಟೋ ಸಿಗುತ್ತದೆ. ಯಾವ ಸಾಫ್ಟ್‌ವೇರ್‌ನಲ್ಲಿ ಶಾರ್ಪ್ ಮಾಡಿದರೂ ಹೋದ ವಿವರ ಪೂರ್ತಿ ವಾಪಸ್ ಬರುವುದಿಲ್ಲ.

ಸ್ಟ್ಯಾಕಿಂಗ್‌ನ ಅಸಲಿ ಲಾಭ ಇಲ್ಲಿದೆ. ಹೆಚ್ಚಿನವರು ಆಳ ಸಿಕ್ಕಿತು ಅಂತಷ್ಟೇ ಖುಷಿಪಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಅಪರ್ಚರ್‌ನ ಸ್ವಾತಂತ್ರ್ಯ. ಆಳದ ಚಿಂತೆ ಇಲ್ಲದ ಮೇಲೆ ಲೆನ್ಸ್ ಎಲ್ಲಿ ಅತಿ ಚೂಪಾಗಿ ಕೆಲಸ ಮಾಡುತ್ತದೋ ಅಲ್ಲೇ ಇಡಬಹುದು. 1:1ರಲ್ಲಿ ಎಫ್/5.6, 2:1ರಲ್ಲಿ ಎಫ್/4, 5:1ರಲ್ಲಿ ಎಫ್/2.8 ಒಳ್ಳೆಯ ಆರಂಭ. ಮೂರರಲ್ಲೂ ನಿಜವಾದ ಅಪರ್ಚರ್ ಎಫ್/11ರಿಂದ ಎಫ್/17ರ ಒಳಗೇ ಇರುತ್ತದೆ. ಹಾಗಾಗಿ ಚೆನ್ನಾಗಿ ಮಾಡಿದ ಸ್ಟ್ಯಾಕ್ ಒಂದೇ ಕ್ಲಿಕ್‌ನ ಎಫ್/22 ಫೋಟೋಗಿಂತ ಆಳದಲ್ಲೂ ಮುಂದು, ವಿವರದಲ್ಲೂ ಮುಂದು.

ಎಷ್ಟು ಫೋಟೋ, ಎಷ್ಟು ಅಂತರ

ಮತ್ತೆ ಆ ನೊಣದ ತಲೆಗೇ ಬರೋಣ. 1:1, ಎಫ್/5.6. ಸೂತ್ರದ ಪ್ರಕಾರ ಆಳ 0.67 ಮಿ.ಮೀ. ಹಿಗ್ಗಿಸಿ ನೋಡುವವರ ಲೆಕ್ಕಕ್ಕೆ ಅದನ್ನು ಅರ್ಧ ಮಾಡಿದರೆ 0.34. ಪ್ರತಿ ಫೋಟೋದ ಸ್ಪಷ್ಟ ಭಾಗ ಮುಂದಿನದರ ಮೇಲೆ ಕಾಲು ಭಾಗದಷ್ಟಾದರೂ ಒತ್ತಿಕೊಂಡಿರಬೇಕು. ಹಾಗಾಗಿ ಹೆಜ್ಜೆ 0.25 ಮಿ.ಮೀ. ಇಟ್ಟುಕೊಳ್ಳೋಣ. ಮೀಸೆಯ ತುದಿಯಿಂದ ಕಣ್ಣಿನ ಹಿಂಬದಿಯವರೆಗೆ 3 ಮಿ.ಮೀ. ಅಂದರೆ 12 ಹೆಜ್ಜೆ, 13 ಫೋಟೋ. ಮುಂದೆ ಮೂರು, ಹಿಂದೆ ಮೂರು ಹೆಚ್ಚುವರಿ ಇರಲಿ. ಒಟ್ಟು 19.

ಹೆಜ್ಜೆ ದೊಡ್ಡದಾದರೆ ಏನಾಗುತ್ತದೆ? ಸ್ಪಷ್ಟ, ಮಸುಕು, ಸ್ಪಷ್ಟ, ಮಸುಕು ಅಂತ ಪಟ್ಟೆಗಳು ಬರುತ್ತವೆ. ಒಮ್ಮೆ ತೆಗೆದ ಮೇಲೆ ಇದಕ್ಕೆ ಪರಿಹಾರವಿಲ್ಲ, ಯಾಕೆಂದರೆ ನಡುವಿನ ಆ ಜಾಗ ಯಾವ ಫೋಟೋದಲ್ಲೂ ಸ್ಪಷ್ಟವಾಗಿ ದಾಖಲಾಗಿಯೇ ಇಲ್ಲ. ಹೆಜ್ಜೆ ತೀರಾ ಚಿಕ್ಕದಾದರೆ ನಷ್ಟವಾಗುವುದು ಸಮಯ ಮತ್ತು ಮೆಮೊರಿ ಕಾರ್ಡ್‌ನ ಜಾಗ. ಎರಡರಲ್ಲಿ ಒಂದು ಆರಿಸಬೇಕಾದರೆ ಚಿಕ್ಕ ಹೆಜ್ಜೆಯನ್ನೇ ಆರಿಸಿ. ಬದುಕಿರುವ ಹುಳ ಎದುರಿಗಿದ್ದಾಗ ಮಾತ್ರ ಈ ಮಾತು ಪೂರ್ತಿ ಸರಿಯಲ್ಲ. ಅಲ್ಲಿ ಒಂದೊಂದು ಫೋಟೋಗೂ ಸಮಯದ ಬೆಲೆ ಕೊಡಬೇಕು.

ಕ್ಯಾಮೆರಾದ ಒಳಗೇ ಫೋಕಸ್ ಬ್ರಾಕೆಟಿಂಗ್, ಅಂದರೆ ತಾನಾಗಿ ಫೋಕಸ್ ಸರಿಸುತ್ತಾ ಸಾಲಾಗಿ ಫೋಟೋ ತೆಗೆಯುವ ಸೌಲಭ್ಯ, ಇದ್ದರೆ ಕೆಲಸ ಎಷ್ಟೋ ಹಗುರ. ಒಲಿಂಪಸ್ ತನ್ನ ಇ-ಎಂ1 ಕ್ಯಾಮೆರಾಗೆ 2015ರಲ್ಲಿ ಫರ್ಮ್‌ವೇರ್ ಮೂಲಕ ಇದನ್ನು ಕೊಟ್ಟಿತು. ಅದು ಎಂಟು ಫೋಟೋಗಳನ್ನು ಕ್ಯಾಮೆರಾದೊಳಗೇ ಸೇರಿಸಿಯೂ ಕೊಡುತ್ತಿತ್ತು. ನಿಕಾನ್ ಡಿ850 2017ರಲ್ಲಿ ಫೋಕಸ್ ಶಿಫ್ಟ್ ಎಂಬ ಹೆಸರಿನಲ್ಲಿ 300 ಫೋಟೋಗಳವರೆಗೆ ತೆಗೆಯುವ ಸೌಲಭ್ಯ ತಂದಿತು. ಕ್ಯಾನನ್ 2019ರಲ್ಲಿ ಇಓಎಸ್ ಆರ್‌ಪಿಯಲ್ಲಿ ಸೇರಿಸಿತು. ಈಗ ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇದೆ. ಹೆಚ್ಚಿನವು ಹತ್ತಿರದಿಂದ ಶುರುಮಾಡಿ ದೂರದ ಕಡೆಗೆ ಹೋಗುತ್ತವೆ. ಆದ್ದರಿಂದ ಮೊದಲ ಫೋಕಸ್ ಅನ್ನು ವಸ್ತುವಿನ ಮುಂತುದಿಗಿಂತ ಒಂದು ಕೂದಲೆಳೆ ಮುಂದೆಯೇ ಇಡಿ.

ತೊಂದರೆ ಏನೆಂದರೆ ಮೆನುವಿನಲ್ಲಿ ಹೆಜ್ಜೆಯ ಗಾತ್ರ ಮಿಲಿಮೀಟರ್‌ನಲ್ಲಿ ಇರುವುದಿಲ್ಲ. 1ರಿಂದ 10 ಅಂತ ಬರೀ ಸಂಖ್ಯೆ ಇರುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಸ್ಕೇಲ್ ಸಾಕು. ಮಿಲಿಮೀಟರ್ ಗೆರೆಗಳಿರುವ ಸ್ಕೇಲನ್ನು ಕ್ಯಾಮೆರಾಗೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ನೀವು ಬಳಸುವ ವರ್ಧನೆ, ಅಪರ್ಚರ್ ಇಟ್ಟು ಹತ್ತು ಫೋಟೋ ತೆಗೆಯಿರಿ. ಒಂದೊಂದು ಫೋಟೋದಲ್ಲೂ ಯಾವ ಗೆರೆಯಿಂದ ಯಾವ ಗೆರೆವರೆಗೆ ಚೂಪಾಗಿದೆ ನೋಡಿ. ಸ್ಕೇಲ್ ಮೇಲಿನ 1 ಮಿ.ಮೀ. ಅಂದರೆ ಆಳದಲ್ಲಿ 0.7 ಮಿ.ಮೀ. ಮೊದಲ ಫೋಟೋದ ಚೂಪಾದ ಭಾಗ ಎರಡನೆಯದರ ಚೂಪಾದ ಭಾಗಕ್ಕೆ ತಾಗದೆ ಹೋದರೆ ಸಂಖ್ಯೆ ಇಳಿಸಿ. ಮುಕ್ಕಾಲು ಪಾಲು ಒಂದೇ ಜಾಗ ಇದ್ದರೆ ಏರಿಸಬಹುದು. ಒಮ್ಮೆ ಮಾಡಿ ಬರೆದಿಟ್ಟುಕೊಂಡರೆ ಆ ಲೆನ್ಸ್‌ಗೆ ಮತ್ತೆ ಯೋಚಿಸಬೇಕಾಗಿಲ್ಲ.

ರಿಂಗ್ ತಿರುಗಿಸುವುದೋ, ಕ್ಯಾಮೆರಾ ಸರಿಸುವುದೋ

ಫೋಕಸ್ ಅನ್ನು ಹಿಂದಕ್ಕೆ ಒಯ್ಯಲು ಎರಡು ದಾರಿ. ಒಂದು, ಕ್ಯಾಮೆರಾ ಅಲ್ಲೇ ಇದ್ದು ಲೆನ್ಸ್‌ನ ಫೋಕಸ್ ಬದಲಾಗುವುದು. ಕ್ಯಾಮೆರಾದೊಳಗಿನ ಬ್ರಾಕೆಟಿಂಗ್ ಮಾಡುವುದು ಇದನ್ನೇ. ಇನ್ನೊಂದು, ಫೋಕಸ್ ಹಾಗೇ ಬಿಟ್ಟು ಇಡೀ ಕ್ಯಾಮೆರಾವನ್ನು ರೈಲ್ (ಕ್ಯಾಮೆರಾ ಜಾರಿಸುವ ಪುಟ್ಟ ಹಳಿ) ಮೇಲೆ ಮುಂದಕ್ಕೆ ಸರಿಸುವುದು.

ಎರಡೂ ಒಂದೇ ಫಲ ಕೊಡುತ್ತವೆ ಅಂತ ಅನ್ನಿಸಬಹುದು. ಕೊಡುವುದಿಲ್ಲ. ಲೆನ್ಸ್ ಮೇಲಿನ ಫೋಕಸ್ ರಿಂಗ್ ತಿರುಗಿಸಿದಾಗ ಬಿಂಬದ ಗಾತ್ರ ಸ್ವಲ್ಪ ಬದಲಾಗುತ್ತದೆ. ಸಾಫ್ಟ್‌ವೇರ್ ಅದನ್ನು ಹಿಗ್ಗಿಸಿ ಕುಗ್ಗಿಸಿ ಸರಿಮಾಡಿಕೊಳ್ಳುತ್ತದೆ. ಕ್ಯಾಮೆರಾ ಸರಿಸಿದಾಗ ನೋಡುವ ಜಾಗವೇ ಬದಲಾಗುತ್ತದೆ. ಮುಂದಿನ ಕೂದಲಿನ ಹಿಂದೆ ಅಡಗಿದ್ದ ಭಾಗ ಇಣುಕುತ್ತದೆ, ಕಾಣುತ್ತಿದ್ದದ್ದು ಮರೆಯಾಗುತ್ತದೆ. ಇದನ್ನು ಬರೀ ಹಿಗ್ಗಿಸಿ ಕುಗ್ಗಿಸಿ ಸರಿಮಾಡಲು ಬರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ 1:1ರವರೆಗೆ ರಿಂಗ್ ವಾಸಿ. ಅದನ್ನು ದಾಟಿದ ಮೇಲೆ ರೈಲ್ ಬೇಕು. ಅಲ್ಲಿ ಹೆಜ್ಜೆಗಳು ಎಷ್ಟು ಚಿಕ್ಕವೆಂದರೆ ರಿಂಗ್‌ನಲ್ಲಿ ಅಷ್ಟು ನಾಜೂಕಾಗಿ ತಿರುಗಿಸಲು ಆಗುವುದಿಲ್ಲ. ಕ್ಯಾಮೆರಾ ಸರಿಯುವ ಒಟ್ಟು ದೂರವೂ ಕಡಿಮೆ ಇರುವುದರಿಂದ ನೋಟದ ವ್ಯತ್ಯಾಸ ಕಾಡುವುದಿಲ್ಲ.

ಲೆನ್ಸ್ ಜಾಗದಲ್ಲಿ ಮೈಕ್ರೋಸ್ಕೋಪ್‌ನ ಆಬ್ಜೆಕ್ಟಿವ್ ಹಾಕಿ 10:1ಕ್ಕೆ ಹೋಗುವವರೂ ಇದ್ದಾರೆ. ಅಲ್ಲಿ ಒಂದು ಫೋಟೋದ ಆಳ 10 ಮೈಕ್ರಾನ್‌ಗಿಂತಲೂ ಕಡಿಮೆ. ಕೈಯಲ್ಲಿ ತಿರುಗಿಸುವ ರೈಲ್ ಕೆಲಸಕ್ಕೆ ಬರುವುದಿಲ್ಲ. ಸ್ಟ್ಯಾಕ್‌ಶಾಟ್‌ನಂಥ ಮೋಟಾರ್ ರೈಲ್ ಬೇಕು. ಬ್ರಿಟನ್ನಿನ ಫೋಟೋಗ್ರಾಫರ್ ಲೆವನ್ ಬಿಸ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಕೀಟಗಳನ್ನು ತೆಗೆದದ್ದು ಹೀಗೆ ಆಬ್ಜೆಕ್ಟಿವ್ ಮತ್ತು ಮೋಟಾರ್ ರೈಲ್ ಹಿಡಿದೇ. ದೇಹದ ಒಂದೊಂದು ಭಾಗಕ್ಕೂ ಬೇರೆ ಬೇರೆ ಬೆಳಕು ಕೊಟ್ಟು, ಬೇರೆ ಬೇರೆ ಸ್ಟ್ಯಾಕ್ ಮಾಡಿ, ಕೊನೆಗೆ ಎಲ್ಲಾ ಜೋಡಿಸಿದರು. ಒಂದು ಕೀಟದ ಚಿತ್ರದ ಹಿಂದೆ ಸುಮಾರು 8000 ಫೋಟೋಗಳು. ಗೋಡೆಯಷ್ಟು ದೊಡ್ಡ ಪ್ರಿಂಟ್ ಹಾಕಿದರೂ ವಿವರ ಬಿಟ್ಟುಕೊಡದ ಚಿತ್ರಗಳವು. ಸ್ಟ್ಯಾಕಿಂಗ್ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಅವೇ ಸಾಕ್ಷಿ.

ತೆಗೆಯುವಾಗ

ಮೊದಲ ಫೋಟೋದಿಂದ ಕೊನೆಯದರವರೆಗೆ ಫೋಕಸ್ ಒಂದನ್ನು ಬಿಟ್ಟು ಬೇರೇನೂ ಬದಲಾಗಬಾರದು. ಎಕ್ಸ್‌ಪೋಶರ್ ಮ್ಯಾನ್ಯುಯಲ್‌ನಲ್ಲಿರಲಿ. ಐಎಸ್‌ಓ ಕೆಳಗಿರಲಿ ಮತ್ತು ಒಂದೇ ಇರಲಿ. ವೈಟ್ ಬ್ಯಾಲೆನ್ಸ್ ಆಟೋ ಬೇಡ. ಟ್ರೈಪಾಡ್ ಮೇಲಿದ್ದರೆ ಸ್ಟೆಬಿಲೈಸೇಶನ್ ಆಫ್ ಮಾಡಿ. ಫ್ರೇಮ್‌ನ ಸುತ್ತ ಸ್ವಲ್ಪ ಜಾಗ ಬಿಡಿ, ಜೋಡಿಸುವಾಗ ಅಂಚುಗಳು ಕತ್ತರಿಸಿ ಹೋಗುತ್ತವೆ. ಸೆನ್ಸರ್ ಸ್ವಚ್ಛವಾಗಿರಲಿ. ಮಾಮೂಲಿ ಫೋಟೋದಲ್ಲಿ ಒಂದು ಧೂಳಿನ ಕಣ ಅಂದರೆ ಒಂದು ಕಲೆ. ಸ್ಟ್ಯಾಕ್‌ನಲ್ಲಿ ಪ್ರತಿ ಫೋಟೋ ಬೇರೆ ಬೇರೆ ಅಳತೆಗೆ ಹಿಗ್ಗುವುದರಿಂದ ಅದೇ ಕಣ ಸಾಲಾಗಿ ಚುಕ್ಕೆಗಳ ಗೆರೆ ಎಳೆಯುತ್ತದೆ.

ಬೆಳಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೀಟದ ಮೈ ಹೊಳೆಯುತ್ತದೆ. ನೇರ ಬೆಳಕು ಬಿದ್ದರೆ ಬಿಳಿ ಚುಕ್ಕೆಗಳಾಗುತ್ತವೆ, ಅವುಗಳಡಿ ವಿವರ ಇರುವುದಿಲ್ಲ. ಸ್ಟ್ಯಾಕ್‌ನಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಫೋಕಸ್ ತಪ್ಪಿದ ಫೋಟೋಗಳಲ್ಲಿ ಆ ಹೊಳಪು ದೊಡ್ಡ ಬಳೆಯಂತೆ ಉಬ್ಬುತ್ತದೆ, ಸಾಫ್ಟ್‌ವೇರ್ ಅದರ ಅಂಚನ್ನೇ ವಿವರ ಎಂದು ತಪ್ಪು ತಿಳಿಯುತ್ತದೆ. ಆದ್ದರಿಂದ ಬೆಳಕನ್ನು ಹರಡಿ ಮೆದುಗೊಳಿಸುವ ಡಿಫ್ಯೂಸರ್ ದೊಡ್ಡದಿರಲಿ, ವಸ್ತುವಿಗೆ ಆದಷ್ಟು ಹತ್ತಿರ ಇರಲಿ. ತೆಳುವಾದ ಬಿಳಿ ಹಾಳೆಯನ್ನು ವಸ್ತುವಿನ ಸುತ್ತ ಸುರುಳಿ ಸುತ್ತಿ ಹೊರಗಿನಿಂದ ಬೆಳಕು ಬಿಟ್ಟರೂ ಚೆನ್ನಾಗಿ ಆಗುತ್ತದೆ. ಫ್ಲ್ಯಾಶ್‌ಗೆ ಇನ್ನೊಂದು ಗುಣವಿದೆ. ಕಡಿಮೆ ಶಕ್ತಿಯಲ್ಲಿ ಅದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕೂ ಕಡಿಮೆ ಕಾಲ ಮಿಂಚಿ ಆರುತ್ತದೆ, ಸಣ್ಣಪುಟ್ಟ ಅದುರುವಿಕೆ ಫೋಟೋಗೆ ತಾಗುವುದೇ ಇಲ್ಲ. ಆದರೆ ಎಷ್ಟೋ ಕ್ಯಾಮೆರಾಗಳಲ್ಲಿ ಬ್ರಾಕೆಟಿಂಗ್ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ನಡೆಯುತ್ತದೆ, ಆಗ ಫ್ಲ್ಯಾಶ್ ಹಾರುವುದಿಲ್ಲ. ನಿಮ್ಮ ಕ್ಯಾಮೆರಾದ ಕೈಪಿಡಿ ಮೊದಲೇ ನೋಡಿಕೊಳ್ಳಿ. ಎಲ್‌ಇಡಿ ದೀಪ ಬಳಸುವುದಾದರೆ ಮಿನುಗದ ದೀಪವೇ ಬೇಕು, ಇಲ್ಲದಿದ್ದರೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಅಡ್ಡಪಟ್ಟೆಗಳು ಬೀಳುತ್ತವೆ.

ಹೊರಗೆ, ಬದುಕಿರುವ ಹುಳಗಳ ಮುಂದೆ, ಗಡಿಯಾರ ನೋಡಿ ಹೋಗುವುದು ಉತ್ತಮ. ಕೀಟಗಳಿಗೆ ಮೈ ಬಿಸಿಯಾಗಲು ಹೊರಗಿನ ಶಾಖ ಬೇಕು. ತಂಪಾದ ಬೆಳಗಿನಲ್ಲಿ ಸೂರ್ಯ ಏರುವ ಮೊದಲು ಅವು ಜಡವಾಗಿ ಕೂತಿರುತ್ತವೆ. ಗಾಳಿಯೂ ಆಗ ಸಾಮಾನ್ಯವಾಗಿ ಕಡಿಮೆ. ಟ್ರೈಪಾಡ್ ಇಲ್ಲದೆ ಕೈಯಲ್ಲೂ ಮಾಡಬಹುದು: ಬರ್ಸ್ಟ್ ಮೋಡ್ ಹಾಕಿ, ಮೊಣಕೈ ಊರಿ, ಉಸಿರು ಹಿಡಿದು ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುತ್ತಾ ಹೋಗಿ. ಹೆಜ್ಜೆಗಳು ಸಮ ಇರುವುದಿಲ್ಲ, ಕೆಲವು ಫೋಟೋ ದಂಡ. ಆದರೂ ಐದಾರು ಒಳ್ಳೆಯವು ಸಿಕ್ಕರೆ ಮುಖ ಪೂರ್ತಿ ಬರುತ್ತದೆ. ಅಲುಗಾಡದಿರಲಿ ಅಂತ ಹುಳವನ್ನು ಫ್ರಿಜ್‌ನಲ್ಲಿಡುವುದು, ಅಂಟಿಸುವುದು ಮಾತ್ರ ಬೇಡವೇ ಬೇಡ. ಒಂದು ಫೋಟೋಗಾಗಿ ಜೀವಕ್ಕೆ ಹಿಂಸೆ ಕೊಡುವ ಅಗತ್ಯ ಯಾರಿಗೂ ಇಲ್ಲ. ಸತ್ತ ಕೀಟವನ್ನು ತೆಗೆದಿದ್ದರೆ ಹಾಗೆಂದು ಬರೆದರಾಯಿತು.

ಕಂಪ್ಯೂಟರ್ ಆರಿಸುವುದು ಹೇಗೆ

ಸಾಫ್ಟ್‌ವೇರ್ ಮೊದಲು ಎಲ್ಲಾ ಫೋಟೋಗಳನ್ನು ಒಂದರ ಮೇಲೊಂದು ಕೂರುವಂತೆ ಸರಿಸಿ, ತಿರುಗಿಸಿ, ಹಿಗ್ಗಿಸಿ ಹೊಂದಿಸುತ್ತದೆ. ಆಮೇಲೆ ಒಂದೊಂದು ಜಾಗದಲ್ಲೂ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ವ್ಯತ್ಯಾಸ ಯಾವ ಫೋಟೋದಲ್ಲಿ ಹೆಚ್ಚಿದೆ ಎಂದು ಹುಡುಕುತ್ತದೆ. ವ್ಯತ್ಯಾಸ ಹೆಚ್ಚಿದ್ದರೆ ಅಲ್ಲಿ ಅಂಚು ಚೂಪಾಗಿದೆ, ಅಂದರೆ ಫೋಕಸ್‌ನಲ್ಲಿದೆ.

ಇಲ್ಲಿಂದ ಮುಂದೆ ಎರಡು ಮುಖ್ಯ ವಿಧಾನಗಳಿವೆ. ಡೆಪ್ತ್ ಮ್ಯಾಪ್ ವಿಧಾನ ಯಾವ ಜಾಗಕ್ಕೆ ಯಾವ ಫೋಟೋ ಎಂದು ನಕ್ಷೆ ಮಾಡಿ, ಅದರಂತೆ ಪಿಕ್ಸೆಲ್‌ಗಳನ್ನು ಎತ್ತುತ್ತದೆ. ಬಣ್ಣ, ನುಣುಪು ಚೆನ್ನಾಗಿ ಉಳಿಯುತ್ತದೆ. ಪಿರಮಿಡ್ ವಿಧಾನ ಪ್ರತಿ ಫೋಟೋವನ್ನು ಒರಟು ವಿವರದಿಂದ ನಯ ವಿವರದವರೆಗೆ ಪದರಗಳಾಗಿ ಬಿಡಿಸಿ, ಪದರ ಪದರವಾಗಿ ಉತ್ತಮವಾದದ್ದನ್ನು ಆರಿಸಿ ಮತ್ತೆ ಕೂಡಿಸುತ್ತದೆ. ಒಂದರ ಮೇಲೊಂದು ಹಾದು ಹೋಗುವ ರೋಮಗಳಿಗೆ ಇದೇ ಸರಿ. ಆದರೆ ನಾಯ್ಸ್ (ಫೋಟೋದಲ್ಲಿ ಕಾಳುಕಾಳಾಗಿ ಕಾಣುವ ಚುಕ್ಕೆಗಳು) ಮತ್ತು ಕಾಂಟ್ರಾಸ್ಟ್ ಹೆಚ್ಚಿಸಿಬಿಡುತ್ತದೆ. ಸ್ಟ್ಯಾಕಿಂಗ್ ಸಾಫ್ಟ್‌ವೇರ್‌ಗಳ ಪೈಕಿ ಜೆರೀನ್ ಸ್ಟ್ಯಾಕರ್‌ನಲ್ಲಿ ಇವು ಡಿಮ್ಯಾಪ್, ಪಿಮ್ಯಾಕ್ಸ್. ಹೆಲಿಕಾನ್ ಫೋಕಸ್‌ನಲ್ಲಿ ಬಿ ಮತ್ತು ಸಿ.

ವ್ಯತ್ಯಾಸ ಕಾಣಬೇಕೆಂದರೆ ನೊಣದ ಕಣ್ಣಿನ ಮುಂದೆ ಹಾದು ಹೋಗುವ ಒಂದೇ ಒಂದು ರೋಮ ನೋಡಿ. ರೋಮ ಫೋಕಸ್‌ನಲ್ಲಿದ್ದ ಫೋಟೋದಲ್ಲಿ ಹಿಂದಿನ ಕಣ್ಣು ಮಸುಕು. ಕಣ್ಣು ಫೋಕಸ್‌ನಲ್ಲಿದ್ದ ಫೋಟೋದಲ್ಲಿ ರೋಮ ಕರಗಿ ಅಗಲವಾದ ಮಬ್ಬು ಪಟ್ಟಿಯಾಗಿದೆ. ಅಂದರೆ ರೋಮದ ಎರಡೂ ಪಕ್ಕದ ಒಂದಿಷ್ಟು ಜಾಗದಲ್ಲಿ ಕಣ್ಣು ಯಾವ ಫೋಟೋದಲ್ಲೂ ಸ್ವಚ್ಛವಾಗಿ ಕಂಡೇ ಇಲ್ಲ. ಡೆಪ್ತ್ ಮ್ಯಾಪ್ ಅಲ್ಲಿ ಒಂದು ಮಂಕು ಪ್ರಭೆ ಬಿಡುತ್ತದೆ. ಅದಕ್ಕೇ ಹೇಲೋ ಎನ್ನುವುದು. ಪಿರಮಿಡ್ ಇದನ್ನು ಬಹಳಷ್ಟು ಕಡಿಮೆ ಮಾಡುತ್ತದೆ, ಪೂರ್ತಿ ಅಲ್ಲ. ಅನುಭವಿಗಳು ಎರಡೂ ವಿಧಾನದಲ್ಲಿ ಮಾಡಿ, ಡೆಪ್ತ್ ಮ್ಯಾಪ್ ಅನ್ನು ತಳಕ್ಕಿಟ್ಟು, ರೋಮಗಳಿರುವಲ್ಲಿ ಮಾತ್ರ ಪಿರಮಿಡ್‌ನದನ್ನು ಬ್ರಷ್‌ನಿಂದ ತುಂಬುತ್ತಾರೆ. ಅಲುಗಿದ ಕಾಲಿಗೆ ಎರಡು ನೆರಳು ಬಂದಿದ್ದರೂ ಇದೇ ಬ್ರಷ್, ಯಾವುದಾದರೂ ಒಂದೇ ಫೋಟೋದಿಂದ ಆ ಕಾಲನ್ನು ಎಳೆದುಕೊಳ್ಳುವುದು.

ಶುರು ಮಾಡಲು ಇವೆಲ್ಲ ಕೊಳ್ಳಬೇಕಿಲ್ಲ. ಫೋಟೋಶಾಪ್ ಇದ್ದರೆ ಫೋಟೋಗಳನ್ನು ಲೇಯರ್‌ಗಳಾಗಿ ತಂದು ಆಟೋ ಅಲೈನ್, ಆಮೇಲೆ ಆಟೋ ಬ್ಲೆಂಡ್ ಕೊಟ್ಟರೆ ಸರಳ ಸ್ಟ್ಯಾಕ್‌ಗೆ ಸಾಕು. ಉಚಿತವಾಗಿ ಬೇಕೆಂದರೆ ಹ್ಯೂಗಿನ್ ಎಂಬ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್ ಮತ್ತು ಎನ್‌ಫ್ಯೂಸ್ ಇವೆ. ಯಾವುದೇ ಆದರೂ ರಾ ಫೈಲ್‌ಗಳಿಗೆಲ್ಲ ಒಂದೇ ತಿದ್ದುಪಡಿ ಹಾಕಿ, ಟಿಫ್ ಮಾಡಿ ಕೊಡಿ. ಶಾರ್ಪನಿಂಗ್ ಮಾತ್ರ ಸ್ಟ್ಯಾಕ್ ಆದ ಮೇಲೆಯೇ ಮಾಡಿ. ಮೊದಲೇ ಮಾಡಿದರೆ ಸಾಫ್ಟ್‌ವೇರ್ ನಾಯ್ಸನ್ನೂ ಅಂಚೆಂದು ನಂಬಿಬಿಡುತ್ತದೆ.

ಇದೇ ತಂತ್ರ ಮಂಗಳ ಗ್ರಹದಲ್ಲೂ ನಡೆಯುತ್ತಿದೆ. 2012ರಲ್ಲಿ ಅಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್‌ನ ತೋಳಿನಲ್ಲಿ ಮಾಲಿ ಎಂಬ ಹತ್ತಿರದ ಕ್ಯಾಮೆರಾ ಇದೆ. ಕಲ್ಲಿನ ಎಂಟು ಫೋಟೋಗಳವರೆಗೆ ಅಲ್ಲೇ ಜೋಡಿಸಿ, ಸ್ಪಷ್ಟವಾದ ಒಂದು ಚಿತ್ರ ಮತ್ತು ಅದರ ಆಳದ ನಕ್ಷೆಯನ್ನು ಅದು ಕಳಿಸಬಲ್ಲದು. ಎಲ್ಲಾ ಫೋಟೋ ಭೂಮಿಗೆ ಕಳಿಸುವ ಕೆಲಸ ತಪ್ಪುತ್ತದೆ.

ಎಲ್ಲಿ ನಿಲ್ಲಿಸಬೇಕು

ಸ್ಟ್ಯಾಕಿಂಗ್ ಕಲಿತ ಹೊಸದರಲ್ಲಿ ಎಲ್ಲವನ್ನೂ ಮೂಲೆಮೂಲೆವರೆಗೆ ಚೂಪು ಮಾಡುವ ಆಸೆ ಬರುತ್ತದೆ. ವೈಜ್ಞಾನಿಕ ದಾಖಲೆಗೆ ಅದು ಬೇಕು. ಕೀಟವನ್ನು ಗುರುತಿಸಲು ಕಾಲಿನ ಮುಳ್ಳುಗಳೂ ರೆಕ್ಕೆಯ ನರಗಳೂ ಒಟ್ಟಿಗೆ ಕಾಣಬೇಕು. ಆದರೆ ಎಲೆಯ ಮೇಲೆ ಕೂತ ನೊಣದ ಚಿತ್ರದಲ್ಲಿ ಹಿಂದಿನ ಕಡ್ಡಿ, ಕಸವೂ ಚೂಪಾದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ. ಅಲ್ಲಿ ಹಿಂಬದಿಯ ಫೋಟೋಗಳನ್ನು ಸ್ಟ್ಯಾಕ್‌ಗೆ ಸೇರಿಸಬೇಡಿ. ಮೀಸೆಯಿಂದ ಎದೆಯವರೆಗೆ ಸಾಕು ಎನ್ನಿಸಿದರೆ ಅಲ್ಲಿಗೇ ಬಿಡಿ, ಉಳಿದದ್ದು ತೆರೆದ ಅಪರ್ಚರ್‌ನ ಮೆತ್ತನೆಯ ಮಸುಕಿನಲ್ಲಿರಲಿ. ಒಂದೇ ಸೆಟ್ ಫೋಟೋಗಳಿಂದ ಕೊನೆಯ ಐದನ್ನು ಬಿಟ್ಟು ಒಮ್ಮೆ, ಹತ್ತನ್ನು ಬಿಟ್ಟು ಇನ್ನೊಮ್ಮೆ ಜೋಡಿಸಿ, ಪಕ್ಕಪಕ್ಕ ಇಟ್ಟು ನೋಡಿ ಆರಿಸಬಹುದು. ಅದಕ್ಕಾಗಿಯೇ ಮೂಲ ಫೋಟೋಗಳನ್ನು ಬೇಗ ಅಳಿಸಬೇಡಿ.